ಅಕ್ಷರಕ್ಕೆ ಎಷ್ಟು ಮನೆ? – ಟರ್ಮಿನಲ್ಲಿನ ಲೋಡಿಂಗ್ ಸೂಚಕ ಮತ್ತು ಕನ್ನಡದ ಎಣಿಕೆ

ನೀಲಗಿರಿ ಜಿಲ್ಲೆಯ ಪಂದಲೂರು ತಾಲ್ಲೂಕಿನಲ್ಲಿ, ವಯನಾಡಿನ ಗಡಿಗೆ ತಾಗಿಕೊಂಡಂತೆ ಚೇರಂಬಾಡಿ ಎಂಬ ಊರಿದೆ. ಸುತ್ತಲೂ ಚಹಾ ತೋಟಗಳು. ಆಡಳಿತದ ಭಾಷೆ ತಮಿಳು. ಕೆಲವೇ ಮೈಲಿಗಳಾಚೆ ಮಲಯಾಳಂ. ಆ ಸೀಮೆಯ ಕಾಡುಗಳಲ್ಲಿ ಬಾಳುವ ಕಾಟ್ಟುನಾಯ್ಕರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಇಂತಹ ಊರೊಂದರಲ್ಲಿ ಕನ್ನಡ ಐಚ್ಛಿಕ ವಿದ್ಯಾರ್ಥಿನಿಯೊಬ್ಬಳು ರಾತ್ರಿ ಗಣಕಯಂತ್ರದ ಮುಂದೆ ಕುಳಿತು, ಹಳೆಯ ಗ್ರಂಥವೊಂದರ ಕಡತವನ್ನು ಜಾಲದಿಂದ ಇಳಿಸಿಕೊಳ್ಳುತ್ತಿದ್ದಾಳೆಂದು ಭಾವಿಸಬಹುದು. ಆಕೆಯ ಎದುರಿಗಿರುವುದು ಚಿತ್ರಗಳಿಲ್ಲದ, ಕೇವಲ ಅಕ್ಷರಗಳ ಕಿಟಕಿ. ಅದನ್ನು ಟರ್ಮಿನಲ್ ಎನ್ನುತ್ತಾರೆ. ಆದೇಶವನ್ನು ಬೆರಳಚ್ಚಿಸಿ ಎಂಟರ್ ಒತ್ತಿದ ಮೇಲೆ ತೆರೆ ಮೌನವಾಗುತ್ತದೆ. ಕೆಲಸ ನಡೆಯುತ್ತಿದೆಯೋ, ನಿಂತಿದೆಯೋ, ಸಂಪರ್ಕ ಕಡಿದಿದೆಯೋ ತಿಳಿಯದು. ಆ ಮೌನವನ್ನು ಮುರಿಯಲು ಹುಟ್ಟಿದ್ದೇ ಲೋಡಿಂಗ್ ಸೂಚಕ: ಒಂದೇ ಸ್ಥಳದಲ್ಲಿ ತಿರುಗುವ ಒಂದು ಗೆರೆ, ಅದರ ಪಕ್ಕದಲ್ಲಿ ‘ಇಳಿಯುತ್ತಿದೆ’ ಎಂಬ ಒಂದು ಪದ.

ಗೆರೆಯನ್ನು ತಿರುಗಿಸುವುದು ಸುಲಭ. ಪಕ್ಕದಲ್ಲಿ ಕನ್ನಡದ ಪದವನ್ನು ಸರಿಯಾಗಿ ನಿಲ್ಲಿಸುವುದು ಸುಲಭವಲ್ಲ. ಅದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ, ಕನ್ನಡ ತರಗತಿಯಲ್ಲಿ ನಿತ್ಯ ಕೇಳುವ ಒಂದು ಪ್ರಶ್ನೆಯೇ ಎದುರಾಗುತ್ತದೆ: ಒಂದು ಪದದಲ್ಲಿ ಎಷ್ಟು ಅಕ್ಷರಗಳಿವೆ, ಅವನ್ನು ಎಣಿಸುವುದು ಹೇಗೆ?

ತಿರುಗುವ ಗೆರೆಯ ಹಿನ್ನೆಲೆ

ಟರ್ಮಿನಲ್ಲಿನ ಪೂರ್ವಜ ಬೆರಳಚ್ಚು ಯಂತ್ರ. ಬೆರಳಚ್ಚು ಯಂತ್ರದಲ್ಲಿ ಒಂದು ಸಾಲು ಮುಗಿದ ಮೇಲೆ ಕಾಗದ ಹೊತ್ತ ಗಾಡಿಯನ್ನು ಮತ್ತೆ ಆರಂಭಕ್ಕೆ ತಳ್ಳಬೇಕು. ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸಬೇಕು. ಇವೆರಡೂ ಬೇರೆ ಬೇರೆ ಕ್ರಿಯೆಗಳು. ತಂತಿಯ ಮೂಲಕ ಅಕ್ಷರ ಕಳಿಸುವ ಟೆಲಿಟೈಪ್ ಯಂತ್ರಗಳು ಈ ಎರಡು ಕ್ರಿಯೆಗಳನ್ನೂ ಉಳಿಸಿಕೊಂಡವು. 1963ರಲ್ಲಿ ರೂಪುಗೊಂಡ ಆಸ್ಕಿ ಸಂಕೇತಮಾಲೆಯಲ್ಲಿ ಸಾಲಿನ ಆರಂಭಕ್ಕೆ ಮರಳುವ ಆಜ್ಞೆಗೆ 13 ಎಂಬ ಸಂಖ್ಯೆಯೂ, ಮುಂದಿನ ಸಾಲಿಗೆ ಇಳಿಯುವ ಆಜ್ಞೆಗೆ 10 ಎಂಬ ಸಂಖ್ಯೆಯೂ ದೊರೆತವು. ಇಂದಿಗೂ ಅವೇ ಸಂಖ್ಯೆಗಳು ಬಳಕೆಯಲ್ಲಿವೆ.

ಲೋಡಿಂಗ್ ಸೂಚಕದ ರಹಸ್ಯವೆಲ್ಲ ಇರುವುದು ಈ 13ರಲ್ಲಿ. ಆರಂಭಕ್ಕೆ ಮರಳಿ, ಕೆಳಗಿನ ಸಾಲಿಗೆ ಇಳಿಯದೆ ಮತ್ತೆ ಬರೆದರೆ ಹಳೆಯದರ ಮೇಲೆ ಹೊಸದು ಬೀಳುತ್ತದೆ. ಕಾಗದದ ಮೇಲೆ ಹೀಗೆ ಮಾಡಿದರೆ ಎರಡೂ ಗುರುತು ಉಳಿದು ಮಸಿಯಾಗುತ್ತದೆ. ಗಾಜಿನ ತೆರೆಯ ಮೇಲಾದರೋ ಹಳೆಯದು ಅಳಿದು ಹೊಸದು ಮಾತ್ರ ನಿಲ್ಲುತ್ತದೆ. ಆದುದರಿಂದ ನಿಂತ ಗೆರೆ, ಓರೆ ಗೆರೆ, ಮಲಗಿದ ಗೆರೆ, ಎದುರು ಓರೆ ಗೆರೆ, ಅಂದರೆ | / - \ ಎಂಬ ನಾಲ್ಕು ಗುರುತುಗಳನ್ನು ಒಂದಾದ ಮೇಲೊಂದರಂತೆ ಅದೇ ಸ್ಥಳದಲ್ಲಿ ಬರೆದರೆ ಗೆರೆ ಸುತ್ತಿದಂತೆ ಕಾಣುತ್ತದೆ. ಪ್ರತಿ ಗುರುತಿಗೆ ಸುಮಾರು 100 ಮಿಲಿಸೆಕೆಂಡು, ಎಂದರೆ ಸೆಕೆಂಡಿಗೆ ಹತ್ತು ಗುರುತು ಸಾಕು. ಕಣ್ಣು ಉಳಿದುದನ್ನು ತುಂಬಿಕೊಳ್ಳುತ್ತದೆ.

ಇಲ್ಲಿ ಎರಡು ಸಣ್ಣ ಎಚ್ಚರಗಳಿವೆ. ತಂತ್ರಾಂಶವು ಬರೆದ ಅಕ್ಷರಗಳು ನೇರವಾಗಿ ತೆರೆಗೆ ಹೋಗದೆ, ಸಾಲು ಮುಗಿಯುವವರೆಗೆ ಒಂದು ತಾತ್ಕಾಲಿಕ ಸಂಗ್ರಹದಲ್ಲಿ ಕಾದಿರುವುದುಂಟು. ಸೂಚಕದ ಸಾಲು ಮುಗಿಯುವುದೇ ಇಲ್ಲವಾದ್ದರಿಂದ ಪ್ರತಿ ಸಲವೂ ಆ ಸಂಗ್ರಹವನ್ನು ಖಾಲಿ ಮಾಡಲು ಆಜ್ಞೆ ಕೊಡಬೇಕು. ಇಲ್ಲದಿದ್ದರೆ ಕೆಲಸವೆಲ್ಲ ಮುಗಿದ ಮೇಲೆ ಗುರುತುಗಳು ಒಮ್ಮೆಗೇ ಬಂದು ಬೀಳುತ್ತವೆ. ಎರಡನೆಯದು, ಮಿನುಗುವ ಕರ್ಸರನ್ನು ಸೂಚಕ ತಿರುಗುವಷ್ಟು ಹೊತ್ತು ಮರೆಮಾಡಿದ್ದರೆ, ಕೆಲಸ ಮುಗಿದಾಗ ಮಾತ್ರವಲ್ಲ, ಬಳಕೆದಾರರು ಕಂಟ್ರೋಲ್-ಸಿ ಒತ್ತಿ ನಡುವೆ ನಿಲ್ಲಿಸಿದಾಗಲೂ ಅದನ್ನು ಮತ್ತೆ ತೋರಿಸಬೇಕು.

ಒಂದು ಗುರುತು, ಒಂದು ಮನೆ

1978ರಲ್ಲಿ ಡಿಜಿಟಲ್ ಸಂಸ್ಥೆಯು ಹೊರತಂದ ವಿಟಿ-100 ಎಂಬ ಟರ್ಮಿನಲ್ 80 ಕಂಬ, 24 ಸಾಲುಗಳ ತೆರೆಯನ್ನು ಹೊಂದಿತ್ತು. ಇಂದಿನ ಟರ್ಮಿನಲ್‌ಗಳು ಅದರ ನಡೆಯನ್ನೇ ಅನುಸರಿಸುತ್ತವೆ. ತೆರೆಯನ್ನು ಚೌಕಾಬಾರದ ಪಟದಂತೆ ಮನೆಗಳಾಗಿ ಹಂಚಲಾಗಿದೆ. ಒಂದು ಅಕ್ಷರ ಬರೆದರೆ ಕರ್ಸರ್ ಒಂದು ಮನೆ ಮುಂದೆ ಹೋಗುತ್ತದೆ. ರೋಮನ್ ಲಿಪಿಗೆ ಈ ನಿಯಮ ಒಪ್ಪುತ್ತದೆ, ಏಕೆಂದರೆ ಆ ಲಿಪಿಯ ಬೆರಳಚ್ಚು ಯಂತ್ರದಲ್ಲಿಯೂ ಒಂದು ಕೀಲಿ ಒತ್ತಿದರೆ ಗಾಡಿ ಒಂದು ಹೆಜ್ಜೆ ಸರಿಯುತ್ತಿತ್ತು.

ಕನ್ನಡದ ಬೆರಳಚ್ಚು ಯಂತ್ರಕ್ಕೆ ಆ ನಿಯಮ ಸಾಲಲಿಲ್ಲ. ಕೆಲವು ಕೀಲಿಗಳನ್ನು ಒತ್ತಿದಾಗ ಗುರುತು ಮೂಡಿದರೂ ಗಾಡಿ ಅಲುಗದಂತೆ ಮಾಡಬೇಕಾಯಿತು. ಹಾಗೆ ಮಾಡಿದಾಗ ಮಾತ್ರ ಒತ್ತು ತನ್ನ ವ್ಯಂಜನದ ಅಡಿಯಲ್ಲಿ ಬಂದು ಕೂರುತ್ತಿತ್ತು. ಗಾಡಿ ಸರಿಸದ ಇಂತಹ ಕೀಲಿಗಳನ್ನು ‘ಡೆಡ್ ಕೀ’ ಎಂದು ಕರೆಯುವುದು ವಾಡಿಕೆ. ಹೆಸರು ಸತ್ತ ಕೀಲಿ ಎಂದಾದರೂ ಕನ್ನಡದ ಅಕ್ಷರಕ್ಕೆ ಜೀವ ಬರುತ್ತಿದ್ದುದು ಅದರಿಂದಲೇ. ‘ಒಂದು ಗುರುತಿಗೆ ಒಂದು ಹೆಜ್ಜೆ’ ಎಂಬುದು ಎಲ್ಲ ಲಿಪಿಗಳಿಗೂ ಸಲ್ಲುವ ನಿಯಮವಲ್ಲವೆಂದು ಗಣಕಯಂತ್ರಕ್ಕಿಂತ ಮೊದಲೇ ಕನ್ನಡದ ಬೆರಳಚ್ಚುಗಾರರಿಗೆ ಗೊತ್ತಿತ್ತು.

ಒಂದು ಊರ ಹೆಸರಿನ ಐದು ಎಣಿಕೆಗಳು

ಈಗ ಚೇರಂಬಾಡಿ ಎಂಬ ಹೆಸರನ್ನೇ ತೆಗೆದುಕೊಂಡು ಎಣಿಸಬಹುದು.

ಮೊದಲನೆಯದು ಅಕ್ಷರಗಳ ಎಣಿಕೆ. ಚೇ, ರಂ, ಬಾ, ಡಿ: ನಾಲ್ಕು.

ಎರಡನೆಯದು ಮಾತ್ರೆಗಳ ಎಣಿಕೆ. ಛಂದಸ್ಸಿನ ಪಾಠದಂತೆ ದೀರ್ಘಸ್ವರವಿರುವ ಚೇ ಗುರು, ಅನುಸ್ವಾರದಿಂದ ಕೂಡಿದ ರಂ ಗುರು, ಬಾ ಗುರು, ಡಿ ಲಘು. ಒಟ್ಟು ಏಳು ಮಾತ್ರೆಗಳು.

ಮೂರನೆಯದು ಯೂನಿಕೋಡ್ ಸಂಕೇತಗಳ ಎಣಿಕೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಅದರಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ಅನುಸ್ವಾರಕ್ಕೊಂದು ಸಂಕೇತ. ಚ, ಏತ್ವ, ರ, ಅನುಸ್ವಾರ, ಬ, ದೀರ್ಘ, ಡ, ಗುಡಿಸು: ಎಂಟು.

ನಾಲ್ಕನೆಯದು ಬೈಟ್‌ಗಳ ಎಣಿಕೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಎಂಟು ಸಂಕೇತಗಳಿಗೆ ಇಪ್ಪತ್ತನಾಲ್ಕು.

ಐದನೆಯದು ಮನೆಗಳ ಎಣಿಕೆ. ಯಾವ ಸಂಕೇತಕ್ಕೆ ಎಷ್ಟು ಮನೆ ಎಂಬುದನ್ನು ಟರ್ಮಿನಲ್ ಒಂದು ಕೋಷ್ಟಕ ನೋಡಿ ನಿರ್ಧರಿಸುತ್ತದೆ. ಮಾರ್ಕುಸ್ ಕೂನ್ ಬರೆದ, ಬಹುಕಾಲ ಬಳಕೆಯಲ್ಲಿರುವ ಕೋಷ್ಟಕವು ಯೂನಿಕೋಡಿನ ವರ್ಗೀಕರಣವನ್ನು ಅನುಸರಿಸುತ್ತದೆ. ವ್ಯಂಜನದ ತಲೆಯ ಮೇಲೆ ಕೂರುವ ಗುಡಿಸು, ಎತ್ವ, ಔತ್ವಗಳಿಗೂ ವಿರಾಮಚಿಹ್ನೆಯೆನಿಸಿದ ಹಲಂತಕ್ಕೂ ಅದರಲ್ಲಿ ಸೊನ್ನೆ ಮನೆ. ಬಲಕ್ಕೆ ಚಾಚುವ ದೀರ್ಘ, ಕೊಂಬು, ಏತ್ವ ಮುಂತಾದವಕ್ಕೂ ಅನುಸ್ವಾರ, ವಿಸರ್ಗಗಳಿಗೂ ತಲಾ ಒಂದು ಮನೆ. ಈ ಲೆಕ್ಕದಲ್ಲಿ ಚೇರಂಬಾಡಿಗೆ ಏಳು ಮನೆ.

ಇನ್ನೂ ಮೂರು ಪದಗಳನ್ನು ಅದರೊಡನೆ ಇಟ್ಟು ನೋಡಬಹುದು:

ಚೇರಂಬಾಡಿ – ಅಕ್ಷರ 4, ಮಾತ್ರೆ 7, ಸಂಕೇತ 8, ಬೈಟ್ 24, ಮನೆ 7.
ಗೂಡಲೂರು – ಅಕ್ಷರ 4, ಮಾತ್ರೆ 6, ಸಂಕೇತ 7, ಬೈಟ್ 21, ಮನೆ 7.
ನೀಲಗಿರಿ – ಅಕ್ಷರ 4, ಮಾತ್ರೆ 5, ಸಂಕೇತ 7, ಬೈಟ್ 21, ಮನೆ 5.
ಕನ್ನಡ – ಅಕ್ಷರ 3, ಮಾತ್ರೆ 4, ಸಂಕೇತ 5, ಬೈಟ್ 15, ಮನೆ 4.

ಮೂರು ಪದಗಳಲ್ಲಿ ಮಾತ್ರೆಯೂ ಮನೆಯೂ ಸಮವಾಗಿರುವುದನ್ನು ಕಂಡು ಟರ್ಮಿನಲ್ಲಿಗೆ ಛಂದಸ್ಸು ತಿಳಿದಿದೆಯೆಂದು ಭ್ರಮಿಸಬಾರದು. ಗೂಡಲೂರು ಆ ಭ್ರಮೆಯನ್ನು ಕಳೆಯುತ್ತದೆ. ‘ರು’ ಎಂಬುದು ಕಿವಿಗೆ ಒಂದು ಮಾತ್ರೆಯ ಲಘು. ಆದರೆ ಕೊಂಬು ಬಲಕ್ಕೆ ಚಾಚುವುದರಿಂದ ಕೋಷ್ಟಕ ಅದಕ್ಕೆ ಎರಡು ಮನೆ ಕೊಡುತ್ತದೆ. ಮಾತ್ರೆಯು ಉಚ್ಚಾರದ ಕಾಲವನ್ನು ಅಳೆಯುತ್ತದೆ. ಮನೆಯು ಬರವಣಿಗೆಯ ಸ್ಥಳವನ್ನು ಅಳೆಯುತ್ತದೆ. ‘ಕನ್ನಡ’ದಲ್ಲಿಯೂ ಹಾಗೆಯೇ: ಒತ್ತು ಅಡಿಯಲ್ಲಿ ನಿಲ್ಲುವುದರಿಂದ ಕಣ್ಣಿಗೆ ಮೂರೇ ಮನೆ ಸಾಕೆನಿಸಿದರೂ ಕೋಷ್ಟಕ ಒತ್ತಿನ ವ್ಯಂಜನಕ್ಕೂ ಒಂದು ಮನೆ ಎಣಿಸುತ್ತದೆ. ಅನುಸ್ವಾರ, ವಿಸರ್ಗಗಳನ್ನು ಕನ್ನಡ ವ್ಯಾಕರಣವು ಯೋಗವಾಹಗಳೆಂದು ಕರೆದು, ಅವು ಇನ್ನೊಂದರ ಯೋಗವಿಲ್ಲದೆ ನಿಲ್ಲಲಾರವು ಎಂದು ಕಲಿಸುತ್ತದೆ. ಕೋಷ್ಟಕವು ಅವಕ್ಕೆ ಸ್ವಂತ ಮನೆಯನ್ನೇ ಕೊಟ್ಟಿದೆ.

ಗಡಿಯ ಊರಾದ್ದರಿಂದ ಇನ್ನೊಂದು ಹೋಲಿಕೆಯೂ ಸಾಧ್ಯ. ಅದೇ ಹೆಸರನ್ನು ತಮಿಳು ಲಿಪಿಯಲ್ಲಿ ಬರೆದರೆ ಚೇ, ರ, ಮ್, ಪಾ, ಡಿ ಎಂದು ಐದು ಅಕ್ಷರ. ಪುಳ್ಳಿಯುಳ್ಳ ‘ಮ್’ ಅಲ್ಲಿ ಪ್ರತ್ಯೇಕ ಅಕ್ಷರವಾಗಿ ನಿಲ್ಲುತ್ತದೆ. ಮಲಯಾಳಂ ಲಿಪಿಯಲ್ಲಿ ಅದೇ ‘ಮ್’ ಮುಂದಿನ ‘ಪಾ’ದೊಡನೆ ಕೂಡಿ ಸಂಯುಕ್ತಾಕ್ಷರವಾಗುವುದರಿಂದ ನಾಲ್ಕು. ಕನ್ನಡದಲ್ಲಿ ಅದು ಅನುಸ್ವಾರವಾಗಿ ಹಿಂದಿನ ‘ರ’ವನ್ನು ಸೇರುತ್ತದೆ. ಉಚ್ಚಾರ ಬಹುಮಟ್ಟಿಗೆ ಒಂದೇ. ಅಕ್ಷರವೆಂದರೇನು ಎಂಬುದಕ್ಕೆ ಮೂರು ಲಿಪಿಗಳು ಮೂರು ಉತ್ತರಗಳನ್ನು ಕೊಟ್ಟಿವೆ.

ಎಣಿಕೆ ತಪ್ಪಿದಾಗ

ಈ ವ್ಯತ್ಯಾಸಗಳು ಕೇವಲ ಕುತೂಹಲದ ವಿಷಯವಲ್ಲ. ಸೂಚಕದ ಸಾಲು ಕೆಡುವುದು ಇಲ್ಲಿಯೇ.

ಮೊದಲನೆಯ ಕೇಡು, ಉಳಿದುಹೋಗುವ ಬಾಲ. ‘ಇಳಿಯುತ್ತಿದೆ’ ಎಂದು ಬರೆದ ಸಾಲಿನ ಆರಂಭಕ್ಕೆ ಮರಳಿ ‘ಮುಗಿಯಿತು’ ಎಂದು ಬರೆದರೆ, ಎರಡನೆಯದು ಚಿಕ್ಕದಾದ್ದರಿಂದ ಮೊದಲನೆಯದರ ಕೊನೆ ಅಳಿಯದೆ ಉಳಿಯುತ್ತದೆ. ತೆರೆಯ ಮೇಲೆ ಕಾಣುವುದು ‘ಮುಗಿಯಿತುದೆ’. ಇದನ್ನು ತಪ್ಪಿಸಲು ಹಲವು ತಂತ್ರಾಂಶಗಳು ಖಾಲಿ ಜಾಗವನ್ನು ತುಂಬುತ್ತವೆ. ಎಷ್ಟು ತುಂಬಬೇಕೆಂಬುದನ್ನು ಬೈಟ್ ಅಥವಾ ಸಂಕೇತ ಎಣಿಸಿ ನಿರ್ಧರಿಸಿದರೆ ಲೆಕ್ಕ ತಪ್ಪುತ್ತದೆ.

ಎರಡನೆಯದು, ತೆರೆ ತುಂಬಿ ಹರಿಯುವುದು. ಸಾಲು ತೆರೆಯೊಳಗೆ ಹಿಡಿಯುತ್ತದೆಂದು ತಂತ್ರಾಂಶ ಭಾವಿಸಿ, ಟರ್ಮಿನಲ್ಲಿನ ಲೆಕ್ಕದಲ್ಲಿ ಹಿಡಿಯದಿದ್ದರೆ ಸಾಲು ಮುರಿದು ಕೆಳಕ್ಕೆ ಇಳಿಯುತ್ತದೆ. ಆಗ 13ನೆಯ ಸಂಕೇತ ಮರಳುವುದು ಕೆಳಗಿನ ತುಂಡಿನ ಆರಂಭಕ್ಕೆ ಮಾತ್ರ. ಸೆಕೆಂಡಿಗೆ ಹತ್ತು ಸಲ ಒಂದೊಂದು ಹೊಸ ಸಾಲು ಬಿದ್ದು, ಕ್ಷಣಮಾತ್ರದಲ್ಲಿ ತೆರೆಯೆಲ್ಲ ಅದೇ ವಾಕ್ಯದಿಂದ ತುಂಬಿಹೋಗುತ್ತದೆ.

ಮೂರನೆಯದು, ಅಕ್ಷರದ ಅಂಗಭಂಗ. ಸ್ಥಳ ಸಾಲದೆಂದು ಪದವನ್ನು ಸಂಕೇತಗಳ ನಡುವೆ ಕತ್ತರಿಸಿದರೆ ‘ಕ್ಷ’ ಎಂಬುದು ‘ಕ್’ ಆಗಿ ಉಳಿಯುತ್ತದೆ. ಬೇರ್ಪಟ್ಟ ಸ್ವರಚಿಹ್ನೆ ಚುಕ್ಕಿಗಳ ವೃತ್ತವೊಂದಕ್ಕೆ ಅಂಟಿಕೊಂಡು ಅನಾಥವಾಗಿ ಕಾಣಿಸುತ್ತದೆ.

ಇದಕ್ಕೆ ಮತ್ತೊಂದು ತೊಡಕೂ ಸೇರುತ್ತದೆ. ‘ಚೇ’ಯಲ್ಲಿರುವ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದೇ ಪರಿಗಣಿಸುತ್ತದೆ. ಕಣ್ಣಿಗೆ ಭೇದವಿಲ್ಲ, ಆದರೆ ಎರಡನೆಯ ರೀತಿಯಲ್ಲಿ ಚೇರಂಬಾಡಿಯ ಸಂಕೇತಗಳು ಒಂಬತ್ತು, ಬೈಟ್‌ಗಳು ಇಪ್ಪತ್ತೇಳು.

ಇಂತಹ ಕೇಡು ಕಂಡಾಗ ತಂತ್ರಾಂಶ ಬರೆಯುವವರಿಗೆ ತೋಚುವ ಅತಿ ಸುಲಭದ ಪರಿಹಾರ, ಕನ್ನಡದ ವಾಕ್ಯವನ್ನು ತೆಗೆದು ಇಂಗ್ಲಿಷಿನದನ್ನು ಹಾಕುವುದು. ಭಾಷೆಯೊಂದು ಯಂತ್ರದಿಂದ ಹೊರಬೀಳಲು ಯಾರ ದ್ವೇಷವೂ ಬೇಕಿಲ್ಲ. ಒಂದು ಸಾಲು ಕೆಟ್ಟು ಕಂಡರೆ ಸಾಕು.

ಎಣಿಸದೆಯೂ ಗೆಲ್ಲುವ ದಾರಿ

ಅದೃಷ್ಟವಶಾತ್ ಬಹುಪಾಲು ಸಂದರ್ಭಗಳಲ್ಲಿ ಎಣಿಕೆಯ ಗೊಡವೆಯೇ ಬೇಡದಂತೆ ಸೂಚಕವನ್ನು ರಚಿಸಬಹುದು.

ಒಂದು, ತಿರುಗುವ ಗೆರೆಯನ್ನು ವಾಕ್ಯದ ಕೊನೆಯಲ್ಲಿ ಇಡದೆ ಸಾಲಿನ ಮೊದಲ ಮನೆಯಲ್ಲಿಡುವುದು. ಆಗ ಆರಂಭಕ್ಕೆ ಮರಳಿ ಒಂದೇ ಒಂದು ಗುರುತನ್ನು ಬದಲಿಸಿದರೆ ಸಾಕು. ಅದರ ಮುಂದಿರುವ ಕನ್ನಡದ ವಾಕ್ಯವನ್ನು ಮುಟ್ಟುವ ಅಗತ್ಯವೇ ಇಲ್ಲ.

ಎರಡು, ವಾಕ್ಯ ಬದಲಾಗುವಾಗ ಖಾಲಿ ಜಾಗ ತುಂಬುವುದಕ್ಕೆ ಬದಲಾಗಿ, ಕರ್ಸರಿನಿಂದ ಸಾಲಿನ ಅಂತ್ಯದವರೆಗೆ ಅಳಿಸುವ ಆಜ್ಞೆಯನ್ನು ಟರ್ಮಿನಲ್ಲಿಗೆ ಕೊಡುವುದು. ವಿಟಿ-100ರ ಕಾಲದಿಂದಲೂ ಈ ಆಜ್ಞೆ ಇದೆ. ‘ಮುಗಿಯಿತುದೆ’ಯ ಬಾಲ ಆಗ ಉಳಿಯದು.

ಮೂರು, ವಾಕ್ಯವನ್ನು ಚಿಕ್ಕದಾಗಿಡುವುದು. ಕತ್ತರಿಸಲೇಬೇಕಾದರೆ ಸಂಕೇತಗಳ ನಡುವೆ ಕತ್ತರಿಸದೆ ಪದಗಳ ನಡುವೆ ಕತ್ತರಿಸುವುದು.

ನಾಲ್ಕು, ಹಲವು ಸಾಲುಗಳನ್ನು ಕಂಬಸಾಲಾಗಿ ಜೋಡಿಸುವಂತಹ ಅನಿವಾರ್ಯ ಸಂದರ್ಭದಲ್ಲಿ ಟರ್ಮಿನಲ್ಲನ್ನೇ ಕೇಳುವುದು. ಪದವನ್ನು ಬರೆದು, ಕರ್ಸರ್ ಈಗ ಎಲ್ಲಿದೆ ಎಂಬ ಪ್ರಶ್ನೆಯ ಸಂಕೇತ ಕಳಿಸಿದರೆ ಅದು ಸಾಲು ಮತ್ತು ಕಂಬದ ಸಂಖ್ಯೆಯನ್ನು ಹೇಳುತ್ತದೆ. ತಂತ್ರಾಂಶದ ಕೋಷ್ಟಕವೂ ಟರ್ಮಿನಲ್ಲಿನ ಕೋಷ್ಟಕವೂ ಬೇರೆ ಬೇರೆ ಕಾಲದವಾಗಿದ್ದರೂ ಈ ಉತ್ತರ ನಂಬಲರ್ಹ.

ಸೂಚಕವೂ ಒಂದು ವಾಕ್ಯ

ಸಾಲು ಸರಿಯಾಗಿ ನಿಂತರೆ ಅರ್ಧ ಕೆಲಸವಾಯಿತು. ಅದು ಹೇಳುವುದು ಸರಿಯೇ ಎಂಬುದು ಉಳಿದರ್ಧ.

‘ಇಳಿಯುತ್ತಿದೆ’ ಎಂಬುದು ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ರೂಪ. ಕ್ರಿಯೆ ನಿಜವಾಗಿ ನಡೆಯುತ್ತಿರುವಾಗ ಮಾತ್ರ ಅದು ಸತ್ಯ. ಗೆರೆಯನ್ನು ತಿರುಗಿಸುವ ಹೊಣೆಯನ್ನು ಗಡಿಯಾರಕ್ಕೆ ಒಪ್ಪಿಸಿದರೆ, ಸಂಪರ್ಕ ಕಡಿದು ಕೆಲಸ ನಿಂತ ಮೇಲೂ ಗೆರೆ ತಿರುಗುತ್ತಲೇ ಇರುತ್ತದೆ. ಚೇರಂಬಾಡಿಯ ವಿದ್ಯಾರ್ಥಿನಿ ಅದನ್ನು ನಂಬಿ ನಡುರಾತ್ರಿಯವರೆಗೆ ಕಾಯುತ್ತಾಳೆ. ಆಕೆ ಕಳೆದುಕೊಳ್ಳುವುದು ಒಂದು ಕಡತವನ್ನಲ್ಲ, ನಿದ್ದೆಯನ್ನು ಮತ್ತು ಯಂತ್ರದ ಮೇಲಿನ ವಿಶ್ವಾಸವನ್ನು. ಆದುದರಿಂದ ಒಂದೊಂದು ಭಾಗ ಬಂದು ಸೇರಿದಾಗಲೇ ಗೆರೆ ಸರಿಯುವಂತೆ ಮಾಡುವುದು, ನಿಗದಿಯಾದ ಹೊತ್ತು ಏನೂ ಬಾರದಿದ್ದರೆ ‘ಉತ್ತರ ಬಂದಿಲ್ಲ, ಮತ್ತೆ ಪ್ರಯತ್ನಿಸುತ್ತಿದೆ’ ಎಂದು ಹೇಳುವುದು ಉಚಿತ.

ಒಟ್ಟು ಗಾತ್ರ ತಿಳಿದಿದ್ದರೆ ತಿರುಗುವ ಗೆರೆಗಿಂತ ಎಷ್ಟು ಭಾಗ ಮುಗಿದಿದೆ ಎಂಬ ಸೂಚನೆಯೇ ಮೇಲು. ಬ್ರಾಡ್ ಮೈಯರ್ಸ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಳಕೆದಾರರು ಇಂತಹ ಸೂಚನೆಯನ್ನು ಮೆಚ್ಚುತ್ತಾರೆಂಬುದನ್ನು ತೋರಿಸಿದರು. ಜೇಕಬ್ ನೀಲ್ಸನ್ 1993ರ ತಮ್ಮ ಗ್ರಂಥದಲ್ಲಿ ಮೂರು ಮಿತಿಗಳನ್ನು ಹೇಳಿದ್ದಾರೆ: 0.1 ಸೆಕೆಂಡಿನೊಳಗಿನ ಉತ್ತರ ತಕ್ಷಣದ್ದೆನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಓಟ ತಡೆಯದು. 10 ಸೆಕೆಂಡು ಮೀರಿದರೆ ಗಮನ ಬೇರೆಡೆಗೆ ಹೋಗುತ್ತದೆ. ಆದ್ದರಿಂದ ಕ್ಷಣದಲ್ಲಿ ಮುಗಿಯುವ ಕೆಲಸಕ್ಕೆ ಸೂಚಕವೇ ಬೇಡ. ದೀರ್ಘವಾದುದಕ್ಕೆ ಎಷ್ಟಾಯಿತೆಂಬ ಲೆಕ್ಕ ಬೇಕು.

ಆ ಲೆಕ್ಕವನ್ನು ಹೇಳುವಲ್ಲಿಯೂ ಕನ್ನಡದ ವಾಕ್ಯರಚನೆ ಬೇರೆ. ‘1 ಕಡತ ಇಳಿದಿದೆ’, ‘5 ಕಡತಗಳು ಇಳಿದಿವೆ’: ಸಂಖ್ಯೆ ಬದಲಾದಾಗ ನಾಮಪದವೂ ಕ್ರಿಯಾಪದವೂ ಬದಲಾಗುತ್ತವೆ. ‘ಶೇ. 37’ ಎಂಬಲ್ಲಿ ಗುರುತು ಸಂಖ್ಯೆಗಿಂತ ಮೊದಲು ಬರುತ್ತದೆ. ಪದಗಳನ್ನು ಬಿಡಿಬಿಡಿಯಾಗಿ ಅನುವಾದಿಸಿ ಇಂಗ್ಲಿಷಿನ ಕ್ರಮದಲ್ಲಿ ಪೋಣಿಸಿದರೆ ‘5 ಕಡತಗಳು ಇಳಿದಿದೆ’ ಎಂಬಂತಹ ವಚನದೋಷ ತಪ್ಪದು. ಗ್ನೂ ಗೆಟ್‌ಟೆಕ್ಸ್ಟ್‌ನಂತಹ ಅನುವಾದದ ಸಾಧನಗಳು ಏಕವಚನಕ್ಕೊಂದು, ಬಹುವಚನಕ್ಕೊಂದು ಪೂರ್ಣ ವಾಕ್ಯ ಬರೆಯಲು ಅವಕಾಶ ಕೊಡುವುದು ಈ ಕಾರಣಕ್ಕೇ. ಅಂತೆಯೇ ‘ಇಳಿಸಲ್ಪಡುತ್ತಿದೆ’ ಎಂಬ ಭಾರದ ಕರ್ಮಣಿ ಪ್ರಯೋಗಕ್ಕಿಂತ ‘ಇಳಿಯುತ್ತಿದೆ’ ಎಂಬ ಅಕರ್ಮಕ ರೂಪ ಕನ್ನಡದ ಜಾಯಮಾನಕ್ಕೆ ಸಹಜ. ಸಾಲಿನಲ್ಲಿ ಸ್ಥಳವೂ ಉಳಿಯುತ್ತದೆ.

ಕೊನೆಯದಾಗಿ, ಸೂಚಕವನ್ನು ಎಲ್ಲರೂ ಕಣ್ಣಿನಿಂದ ಓದುವುದಿಲ್ಲ. ದೃಷ್ಟಿಯಿಲ್ಲದವರು ಬಳಸುವ ಸ್ಕ್ರೀನ್ ರೀಡರ್ ತೆರೆಯ ಮೇಲಿನ ಬದಲಾವಣೆಗಳನ್ನು ಗಟ್ಟಿಯಾಗಿ ಓದುತ್ತದೆ. ತಿರುಗುವ ಗೆರೆ ಅದಕ್ಕೆ ಅರ್ಥವಿಲ್ಲದ ಜಪ. ಇತ್ತೀಚೆಗೆ ಗೆರೆಗಳ ಬದಲು ಬ್ರೈಲ್ ಚುಕ್ಕಿಗಳನ್ನು ಅಂದಕ್ಕಾಗಿ ತಿರುಗಿಸುವ ರೂಢಿ ಬಂದಿದೆ: ಬೆರಳಿನಿಂದ ಓದುವವರ ಲಿಪಿ ಅಲ್ಲಿ ಏನನ್ನೂ ಹೇಳದ ಅಲಂಕಾರವಾಗಿದೆ. ಚಲನೆಯನ್ನು ನಿಲ್ಲಿಸಿ, ಆಗಾಗ ಒಂದು ನೇರ ವಾಕ್ಯವನ್ನಷ್ಟೇ ಬರೆಯುವ ಆಯ್ಕೆಯನ್ನು ಪ್ರತಿಯೊಂದು ತಂತ್ರಾಂಶವೂ ಕೊಡಬೇಕು. ಫಲಿತಾಂಶವನ್ನು ತೆರೆಗೆ ಬದಲಾಗಿ ಕಡತಕ್ಕೆ ತಿರುಗಿಸಿದಾಗಲೂ ಸೂಚಕ ಮೌನವಾಗಿರಬೇಕು; ಇಲ್ಲವಾದರೆ ಕಡತದ ತುಂಬ ಗೆರೆಗಳ ಕಸ ಸೇರುತ್ತದೆ.

ನಾಗವರ್ಮನು ‘ಛಂದೋಂಬುಧಿ’ಯಲ್ಲಿಯೂ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿಯೂ ಅಕ್ಷರವನ್ನು ಕುರಿತು ಮಾಡಿದ ವಿಚಾರ ಪರೀಕ್ಷೆಯ ಐದು ಅಂಕಗಳಿಗೆ ಮುಗಿಯುವಂಥದಲ್ಲ. ಯಾವುದು ಸ್ವತಂತ್ರ, ಯಾವುದು ಪರಾಧೀನ, ಯಾವುದನ್ನು ಯಾವುದರಿಂದ ಬೇರ್ಪಡಿಸಬಾರದು ಎಂಬ ವಿವೇಕ ಕನ್ನಡ ಐಚ್ಛಿಕ ವಿದ್ಯಾರ್ಥಿಗೆ ತರಗತಿಯಲ್ಲಿಯೇ ದೊರೆತಿದೆ. ಒಂದು ಚಿಕ್ಕ ಸಾಲನ್ನು ಕೆಡದಂತೆ ನಿಲ್ಲಿಸಲು ಟರ್ಮಿನಲ್ಲಿಗೆ ಬೇಕಾಗಿರುವುದೂ ಅದೇ ವಿವೇಕ.

ಅಭ್ಯಾಸ

1. ಪಂದಲೂರು, ಮಸಿನಗುಡಿ, ಉದಕಮಂಡಲ: ಈ ಮೂರು ಹೆಸರುಗಳಿಗೆ ಅಕ್ಷರ, ಮಾತ್ರೆ, ಸಂಕೇತ, ಬೈಟ್, ಮನೆ ಎಂಬ ಐದೂ ಎಣಿಕೆಗಳನ್ನು ಬರೆಯಿರಿ. ಮಾತ್ರೆಯೂ ಮನೆಯೂ ಎಲ್ಲಿ ಬೇರೆಯಾಗುತ್ತವೆ? ಏಕೆ?

2. ‘ಹುಡುಕುತ್ತಿದೆ’ ಎಂಬುದರ ಮೇಲೆ ‘ಸಿಕ್ಕಿತು’ ಎಂದು ಬರೆದಾಗ ಯಾವ ಬಾಲ ಉಳಿಯುತ್ತದೆ? ಅದನ್ನು ಅಳಿಸುವ ಎರಡು ವಿಧಾನಗಳಲ್ಲಿ ಯಾವುದು ಮೇಲು?

3. ಕಡತ ಇಳಿಯಲು ಆರಂಭವಾದುದು, ನಡೆಯುತ್ತಿರುವುದು, ತಡೆದುದು, ಮುಗಿದುದು, ವಿಫಲವಾದುದು: ಈ ಐದು ಸ್ಥಿತಿಗಳಿಗೆ ಮೂರು ಪದಗಳನ್ನು ಮೀರದ ಕನ್ನಡ ವಾಕ್ಯಗಳನ್ನು ರಚಿಸಿ, ಪ್ರತಿಯೊಂದರ ಕ್ರಿಯಾರೂಪವನ್ನು ಗುರುತಿಸಿರಿ.